ಲೀಸ್ ಮನೆಗೆ ದುಡ್ಡು ಕೊಡುವ ಮುಂಚೆ ಓನರ್ ಯಾರು ಅಂತ ನೋಡಿ

ಬೆಂಗಳೂರಲ್ಲಿ ಲೀಸಿಗೆ ಮನೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆ ಓನರ್ ಬದಲು ಯಾವುದೋ ಕಂಪನಿಯವರು ಬಂದು ‘ಅಗ್ರಿಮೆಂಟ್ ನಾವೇ ಮಾಡಿಕೊಡ್ತೀವಿ, ದುಡ್ಡು ನಮ್ಮ ಅಕೌಂಟಿಗೆ ಹಾಕಿ’ ಅಂದರೆ ಟೋಕನ್ ಅಡ್ವಾನ್ಸ್ ಕೂಡ ಕೊಡಬೇಡಿ. ನಮ್ಮ ಆರು ಲಕ್ಷ ಹೀಗೇ ಹೋಗಿದೆ. ಅದೇ ಕಂಪನಿಗೆ ಕಟ್ಟಿದ ಬೇರೆ ಮನೆಯವರದ್ದೂ ಹೋಗಿದೆ. ಎಲ್ಲರೂ ನಮ್ಮ ಥರಾನೇ ಸಣ್ಣ ಸಂಬಳದವರು.

ನನಗೆ ಕೈಗೆ ಬರುವುದು 27 ಸಾವಿರ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಲಗ್ಗೆರೆಯಲ್ಲಿ ಒಂದು ಬೆಡ್‌ರೂಮಿನ ಮನೆಗೆ 12 ಸಾವಿರ ಬಾಡಿಗೆ ಕೊಡುತ್ತಿದ್ದೆವು. ನೀರಿಗೆ ಬೇರೆ. ವರ್ಷ ವರ್ಷ ಬಾಡಿಗೆ ಏರುತ್ತಲೇ ಇತ್ತು. ಮಗಳ ಸ್ಕೂಲ್ ಫೀಸು, ರೇಷನ್ನು, ಊರಿಗೆ ಕಳಿಸುವುದು ಎಲ್ಲ ಆದಮೇಲೆ 20ನೇ ತಾರೀಖಿಗೆ ಕೈ ಖಾಲಿ. ಬಾಡಿಗೆ ಒಂದು ತಪ್ಪಿದರೆ ಸಾಕಪ್ಪಾ ಅನ್ನಿಸುತ್ತಿತ್ತು.

ಲೀಸ್ ಅಂದರೆ ಗೊತ್ತಲ್ವಾ? ಊರ ಕಡೆ ಭೋಗ್ಯ ಅನ್ನುತ್ತಾರೆ. ಒಂದೇ ಸಲ ದೊಡ್ಡ ಮೊತ್ತ ಕೊಡುವುದು, ತಿಂಗಳ ಬಾಡಿಗೆ ಇಲ್ಲ, ಮನೆ ಬಿಡುವಾಗ ಅಷ್ಟೂ ದುಡ್ಡು ವಾಪಸ್. ಇದರಲ್ಲಿ ಮೋಸ ಇಲ್ಲ. ಮನೆ ಕಟ್ಟಿ ಸಾಲ ಮಾಡಿಕೊಂಡವರು, ಮಗಳ ಮದುವೆಗೆ ಒಟ್ಟಿಗೆ ದುಡ್ಡು ಬೇಕಾದವರು ಲೀಸಿಗೆ ಕೊಡುತ್ತಾರೆ. ಹೀಗೆ ನೆಮ್ಮದಿಯಾಗಿ ಇರುವ ಎಷ್ಟೋ ಸಂಸಾರಗಳಿವೆ. ನಮ್ಮ ಅಣ್ಣನೇ ಎಂಟು ವರ್ಷ ಒಂದೇ ಮನೆಯಲ್ಲಿ ಲೀಸಿಗಿದ್ದು, ಪೂರ್ತಿ ದುಡ್ಡು ತಗೊಂಡು ಬಂದ.

ನಾವು ಮಾವನವರು ಕೊಬ್ಬರಿ ಮಾರಿದ ದುಡ್ಡು, ಎತ್ತಿದ ಚೀಟಿ, ಉಳಿದದ್ದಕ್ಕೆ ಹೆಂಡತಿಯ ಒಡವೆ ಬ್ಯಾಂಕಲ್ಲಿಟ್ಟು ಆರು ಲಕ್ಷ ಹೊಂದಿಸಿದೆವು. ಎರಡು ವರ್ಷದ ಲೀಸು. ಕಂಪನಿಯ ಆಫೀಸು ಚೆನ್ನಾಗಿತ್ತು, ಕುರ್ಚಿ ತುಂಬ ಜನ, ಎಲ್ಲರ ಕೈಯಲ್ಲೂ ಫೈಲು. ‘ಓನರ್ ದುಬೈನಲ್ಲಿದ್ದಾರೆ ಸರ್, ಎಲ್ಲಾ ನಮಗೇ ಬಿಟ್ಟಿದ್ದಾರೆ’ ಅಂದರು. ಓನರ್ ಸಹಿ ಇರುವ ಅಗ್ರಿಮೆಂಟನ್ನೂ ತೋರಿಸಿದರು. ಸಹಿ ನಿಜವಾದದ್ದೇ. ಆದರೆ ತೋರಿಸಿದ್ದು ಮೊದಲನೇ ಹಾಳೆ ಮತ್ತು ಕೊನೇ ಹಾಳೆ ಮಾತ್ರ.

ಮೊದಲ ವರ್ಷ ಯಾವ ತೊಂದರೆಯೂ ಇರಲಿಲ್ಲ. ಎರಡನೇ ವರ್ಷ ಒಂದು ಭಾನುವಾರ ವಯಸ್ಸಾದ ಹೆಂಗಸೊಬ್ಬರು ಬಾಗಿಲು ತಟ್ಟಿದರು. ಕೈಯಲ್ಲಿ ಪ್ಲಾಸ್ಟಿಕ್ ಕವರು.

‘ಬಾಡಿಗೆ ಯಾಕಪ್ಪಾ ನಿಲ್ಲಿಸಿಬಿಟ್ರಿ? ಐದು ತಿಂಗಳಾಯ್ತು.’

‘ನಮ್ಮದು ಬಾಡಿಗೆ ಅಲ್ಲಮ್ಮಾ, ಲೀಸು. ಆರು ಲಕ್ಷ ಕಟ್ಟಿದೀವಿ.’

‘ಲೀಸಾ? ನಾನು ಯಾರಿಗೂ ಲೀಸಿಗೆ ಕೊಟ್ಟಿಲ್ಲವಲ್ಲಪ್ಪಾ.’

ಅವರೇ ಓನರು. ದುಬೈ ಅಲ್ಲ, ಮೈಸೂರಲ್ಲಿ ಮಗಳ ಮನೆಯಲ್ಲಿದ್ದರು. ಕವರಿನಿಂದ ತಮ್ಮ ಅಗ್ರಿಮೆಂಟ್ ತೆಗೆದು ಕೊಟ್ಟರು. ಮೊದಲನೇ ಹಾಳೆ ನಮಗೆ ತೋರಿಸಿದ್ದೇ. ಎರಡನೇ ಹಾಳೆಯಲ್ಲಿ ಇತ್ತು ನೋಡಿ: ಕಂಪನಿ ಅವರಿಗೆ ತಿಂಗಳಿಗೆ 15 ಸಾವಿರ ಬಾಡಿಗೆ ಕೊಡಬೇಕು, ಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡಬಹುದು. ಲೀಸಿನ ಮಾತು ಎಲ್ಲೂ ಇಲ್ಲ. ಅವರ ಮಾತ್ರೆ ಔಷಧಿ ಖರ್ಚು ನಡೆಯುತ್ತಿದ್ದದ್ದೇ ಆ ಬಾಡಿಗೆಯಲ್ಲಿ. ಅವರ ಮೇಲೆ ನನಗೆ ಕೋಪ ಬರಲಿಲ್ಲ. ನಮ್ಮಷ್ಟೇ ಮೋಸ ಅವರಿಗೂ ಆಗಿತ್ತು.

ಇದರ ಲೆಕ್ಕ ನೋಡಿ. ತಿಂಗಳಿಗೆ 15 ಸಾವಿರ ಅಂದರೆ ವರ್ಷಕ್ಕೆ 1 ಲಕ್ಷ 80 ಸಾವಿರ. ಎರಡು ವರ್ಷಕ್ಕೆ 3 ಲಕ್ಷ 60 ಸಾವಿರ. ನಾವು ಕೊಟ್ಟ ಆರು ಲಕ್ಷದಲ್ಲೇ ಅದನ್ನು ಓನರಿಗೆ ಕಟ್ಟಿದರೆ ಉಳಿಯುವುದು 2 ಲಕ್ಷ 40 ಸಾವಿರ. ಅದರಲ್ಲಿ ಆಫೀಸ್ ಬಾಡಿಗೆ, ಹುಡುಗರ ಸಂಬಳ, ಜಾಹೀರಾತು. ಹಾಗಿದ್ದಮೇಲೆ ನಮಗೆ ಆರು ಲಕ್ಷ ವಾಪಸ್ ಕೊಡುವುದು ಎಲ್ಲಿಂದ? ಮುಂದೆ ಬರುವ ಲೀಸುದಾರನ ದುಡ್ಡಿನಿಂದ. ಇವರ ಟೋಪಿ ಅವರಿಗೆ, ಅವರ ಟೋಪಿ ಇನ್ನೊಬ್ಬರಿಗೆ. ಹೊಸಬರು ಬರುವುದು ನಿಂತ ತಿಂಗಳೇ ಓನರ್‌ಗಳಿಗೆ ಬಾಡಿಗೆ ನಿಲ್ಲುತ್ತದೆ. ಬಾಡಿಗೆ ನಿಂತಾಗಲೇ ನಮ್ಮಂಥವರಿಗೆ ವಿಷಯ ಗೊತ್ತಾಗುವುದು.

ಆಫೀಸಿಗೆ ಹೋದರೆ ಶಟರ್ ಎಳೆದಿತ್ತು. ಮುಂದೆ ನಮ್ಮ ಹಾಗೆ ಬಂದವರ ಗುಂಪು. ಸ್ಟೇಷನ್ನಿನಲ್ಲಿ ಮೊದಲು ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಅಂದರು. ಆಮೇಲೆ ನಾಲ್ಕಾರು ಮನೆಯವರು ಸೇರಿ, ವಕೀಲರಿಂದ ದೂರು ಬರೆಸಿಕೊಂಡು ಹೋದಾಗ ಎಫ್‌ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್, ಅಂದರೆ ಹಿಂದಿನ 420. ಕೇಸು ನಡೆಯುತ್ತಿದೆ. ದುಡ್ಡು ಬಂದಿಲ್ಲ. ನಾವೀಗ ಚಿಕ್ಕಬಾಣಾವರದ ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ಬಾಡಿಗೆಯ ಜೊತೆಗೆ ಈಗ ಒಡವೆ ಸಾಲದ ಬಡ್ಡಿಯೂ ಸೇರಿಕೊಂಡಿದೆ.

ವಕೀಲರು ಹೇಳಿದ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ರಿಜಿಸ್ಟರ್ ಆಗಲೇಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಅದು ಇದೆ. ನಮ್ಮದು ಬರೀ ಇ-ಸ್ಟ್ಯಾಂಪ್ ಪೇಪರಿನ ಮೇಲೆ ಬರೆದು ನೋಟರಿ ಸೀಲು ಒತ್ತಿದ್ದು. ನೋಟರಿ ಸೀಲು ಬಿದ್ದರೆ ರಿಜಿಸ್ಟರ್ ಆದಂತೆ ಅಲ್ಲ. ರಿಜಿಸ್ಟರ್ ಆಗದ್ದು ಇಸಿಯಲ್ಲಿ, ಅಂದರೆ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ, ಕಾಣಿಸುವುದೇ ಇಲ್ಲ. ಓನರ್ ಜೊತೆಯಲ್ಲೇ ಭೋಗ್ಯದ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದರೆ, ದುಡ್ಡು ವಾಪಸ್ ಬರುವ ತನಕ ಮನೆ ಬಿಡದೆ ಇರುವ ಹಕ್ಕು ನಿಮಗಿರುತ್ತದೆ. ಸ್ಟ್ಯಾಂಪ್ ಡ್ಯೂಟಿ ಖರ್ಚು ಬರುತ್ತದೆ, ನಿಜ. ಆದರೆ ಆರು ಲಕ್ಷದ ಮುಂದೆ ಆ ಖರ್ಚನ್ನು ಉಳಿಸಲು ಹೋಗಬೇಡಿ. ‘ರಿಜಿಸ್ಟರ್ ಎಲ್ಲಾ ಯಾಕೆ, ಸುಮ್ನೆ ಖರ್ಚು’ ಅನ್ನುವವರ ಮನೆಯೇ ಬೇಡ.

ಮನೆ ಯಾರ ಹೆಸರಲ್ಲಿದೆ ಅಂತ ಖಾತಾ (ಪಾಲಿಕೆಯ ಆಸ್ತಿ ದಾಖಲೆ) ನೋಡಿ. ಇ-ಖಾತಾ ಕೇಳಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ ವೆಬ್‌ಸೈಟಿನಲ್ಲಿ ಇಸಿ ತೆಗೆಸಿ, ಕನಿಷ್ಠ ಹತ್ತು ಹದಿನೈದು ವರ್ಷದ್ದು. ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ನೇರವಾಗಿ ಕೇಳಿ. ಓನರ್ ನಿಜವಾದವರೇ ಆಗಿದ್ದು ಸಾಲದ ಕಂತು ಕಟ್ಟದೆ ಹೋದರೂ ಕಷ್ಟವೇ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಬಂದು ಮನೆ ವಶಕ್ಕೆ ತೆಗೆದುಕೊಂಡರೆ ಲೀಸಿನವರು ಸಿಕ್ಕಿಹಾಕಿಕೊಳ್ಳುತ್ತಾರೆ. ಓನರನ್ನು ಎದುರಿಗೇ ನೋಡಿ, ಆಧಾರ್ ಮತ್ತು ಖಾತಾದ ಹೆಸರು ಹೊಂದಿಸಿ. ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ, ಅವರಿಗೆ ಓನರ್ ಯಾರು ಅಂತ ಗೊತ್ತಿರುತ್ತದೆ. ದುಡ್ಡು ಬ್ಯಾಂಕ್ ಮೂಲಕ ಆ ಹೆಸರಿನ ಅಕೌಂಟಿಗೇ ಹೋಗಬೇಕು. ಅಕ್ಕಪಕ್ಕದ ಮನೆಗಳಿಗಿಂತ ಲೀಸ್ ಮೊತ್ತ ತೀರಾ ಕಮ್ಮಿ ಇದ್ದರೆ ಖುಷಿಪಡಬೇಡಿ, ಯಾಕೆ ಅಂತ ಕೇಳಿ.

ಈಗಾಗಲೇ ಕಂಪನಿ ಮೂಲಕ ಲೀಸಿಗೆ ಇದ್ದೀರಾ? ಇವತ್ತೇ ಓನರ್ ನಂಬರ್ ಹುಡುಕಿ ಫೋನ್ ಮಾಡಿ. ಬಾಡಿಗೆ ಬರುತ್ತಿದೆಯಾ, ಕಂಪನಿ ಜೊತೆಗಿನ ಅಗ್ರಿಮೆಂಟಲ್ಲಿ ಏನಿದೆ, ಕೇಳಿ. ಬಾಡಿಗೆ ನಿಂತಿದ್ದರೆ ಒಂದು ದಿನವೂ ಕಾಯಬೇಡಿ. ಟ್ರಾನ್ಸ್‌ಫರ್ ಮಾಡಿದ ಬ್ಯಾಂಕ್ ಸ್ಟೇಟ್‌ಮೆಂಟ್, ರಸೀದಿ, ವಾಟ್ಸಾಪ್ ಮೆಸೇಜು ಎಲ್ಲದರ ಎರಡೆರಡು ಪ್ರತಿ ಮಾಡಿಸಿಟ್ಟುಕೊಳ್ಳಿ. ಓನರ್ ಹೆದರಿಸಿದರೂ ರಾತ್ರೋರಾತ್ರಿ ಖಾಲಿ ಮಾಡಬೇಡಿ. ಸಾಮಾನು ಹೊರಗೆ ಹಾಕುವ, ಕರೆಂಟು ನೀರು ಕತ್ತರಿಸುವ ಅಧಿಕಾರ ಅವರಿಗಿಲ್ಲ, ಕೋರ್ಟ್ ಮೂಲಕವೇ ಬರಬೇಕು. ಆದಷ್ಟು ಓನರನ್ನೂ ಜೊತೆಗೆ ಕರೆದುಕೊಂಡು ದೂರು ಕೊಡಿ. ನಮ್ಮ ಕೇಸಲ್ಲಿ ಆ ಅಮ್ಮ ಮೈಸೂರಿಂದ ಬಂದು ಹೇಳಿಕೆ ಕೊಟ್ಟಮೇಲೇ ಪೊಲೀಸರು ಅದನ್ನು ಮೋಸದ ಕೇಸು ಅಂತ ತೆಗೆದುಕೊಂಡದ್ದು.