ಘಟ್ಟ ಇಳಿಯುವ ಕಾಫಿಗೆ ಯಾರ ಲಾರಿ? ಹಾಸನದ್ದು, ಮಂಗಳೂರಿನದು, ಪಾರ್ಸೆಲ್ ಕಂಪನಿಯದು

ಕಾಫಿ ಒಣಗಿಸುವುದು, ಹಲ್ಲರ್‌ಗೆ (ಸಿಪ್ಪೆ ಸುಲಿಯುವ ಯಂತ್ರಕ್ಕೆ) ಹಾಕುವುದು, ಗ್ರೇಡ್ ಮಾಡುವುದು ಹೇಗೆ ಎಂದು ಹಾಸನ, ಚಿಕ್ಕಮಗಳೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಚೀಲದ ಬಾಯಿ ಹೊಲಿದ ಮೇಲೆ ಅದು ಪಣಂಬೂರಿನ ಬಂದರು ಮುಟ್ಟುವವರೆಗಿನ ಸುಮಾರು 170 ಕಿಲೋಮೀಟರ್ ದಾರಿಯ ಬಗ್ಗೆ ಮಾತಾಡುವವರು ಕಡಿಮೆ. ನನ್ನ ನೌಕರಿಯೆಲ್ಲ ಕಳೆದದ್ದು ಆ ದಾರಿಯ ಲೆಕ್ಕದಲ್ಲೇ. ಹಾಸನದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆಯಲ್ಲಿ, ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದೆ. ಸೇರಿದಾಗ ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸುವ ಪೂಲ್ ಪದ್ಧತಿ ಇತ್ತು, ಬಿಡುವ ಹೊತ್ತಿಗೆ ಸರಕು ಸಾಗಣೆಗೆ ಜಿಎಸ್‌ಟಿಯ ಇ-ವೇ ಬಿಲ್ ಬಂದಿತ್ತು. ಈ ನಡುವೆ ಹಾಸನದ ಲಾರಿ ಆಫೀಸುಗಳು, ಮಂಗಳೂರು ಕಡೆಯ ಲಾರಿಗಳು, ದೊಡ್ಡ ಪಾರ್ಸೆಲ್ ಕಂಪನಿಗಳು, ರೈಲು, ನಮ್ಮ ವರ್ಕ್ಸ್‌ನ ಸ್ವಂತ ಲಾರಿ ಎಲ್ಲವಕ್ಕೂ ಕಾಫಿ ಹೇರಿ ಕಳಿಸಿದ್ದೇನೆ. ಈಗಲೂ ಸಕಲೇಶಪುರದ ಹುಡುಗರು ಫೋನ್ ಮಾಡಿ "ಅಣ್ಣ, ಯಾರಿಗೆ ಕೊಡೋದು?" ಅಂತ ಕೇಳುತ್ತಾರೆ. ಅವರಿಗೆ ತುಂಡುತುಂಡಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಹಾಸನದವರು. ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಯ ಟ್ರಾನ್ಸ್‌ಪೋರ್ಟ್ ಆಫೀಸು ಎಂದರೆ ಒಂದು ಸಣ್ಣ ಕೋಣೆ, ಒಂದು ಮೇಜು, ಒಂದು ಫೋನು, ಗೋಡೆಯ ಮೇಲೆ ಟೈರ್ ಕಂಪನಿಯ ಕ್ಯಾಲೆಂಡರು. ಮಾಲೀಕರ ಸ್ವಂತದ್ದು ನಾಲ್ಕೈದು ಗಾಡಿ, ಉಳಿದವೆಲ್ಲ ಅಟ್ಯಾಚ್, ಅಂದರೆ ಬೇರೆಯವರ ಗಾಡಿ, ಇವರ ಆಫೀಸಿನ ಮೂಲಕ ಓಡುವಂಥವು. ಹೆಚ್ಚಿನವು ಟಾಟಾ 1210, ಅಲ್ಲೊಂದು ಇಲ್ಲೊಂದು ಲೇಲ್ಯಾಂಡ್ ಕಾಮೆಟ್. ಮಾಲೀಕರಲ್ಲಿ ಸುಮಾರು ಜನ ಕ್ಲೀನರ್ ಆಗಿ ಶುರು ಮಾಡಿ, ಡ್ರೈವರ್ ಆಗಿ, ಆಮೇಲೆ ಸಾಲ ಎತ್ತಿ ಗಾಡಿ ತೆಗೆದವರು. 9 ಟನ್ನಿನ ಲಾರಿಗೆ 60 ಕೆ.ಜಿ.ಯ 150 ಚೀಲ. ಅರ್ಧದಷ್ಟು ಬಾಡಿಗೆ ಡೀಸೆಲ್ಲಿಗೂ ಡ್ರೈವರನ ಬಾಟಾಕ್ಕೂ (ದಾರಿಖರ್ಚಿಗೂ) ಅಡ್ವಾನ್ಸ್, ಬಾಕಿ ಬಂದರಿನ ಗೋಡೌನಿನಿಂದ ಸಹಿ ಹಾಕಿಸಿದ ಎಲ್‌ಆರ್ (ಲಾರಿ ರಸೀದಿ) ವಾಪಸ್ ಬಂದ ಮೇಲೆ. ಬಾಡಿಗೆಯಲ್ಲಿ ಇವರು ಯಾವತ್ತೂ ಅಗ್ಗದವರಾಗಿರಲಿಲ್ಲ.

ಅಗ್ಗಕ್ಕೆ ಬರುತ್ತಿದ್ದವರು ಮಂಗಳೂರಿನವರು. ಅವರ ಲಾರಿ ಘಟ್ಟ ಹತ್ತುವಾಗ ಹೆಂಚು, ಉಪ್ಪು, ಒಣಮೀನು, ಮುಂಗಾರಿಗೆ ಮುಂಚೆ ಪಣಂಬೂರಿನ ಎಂಸಿಎಫ್ ಗೊಬ್ಬರ ಕಾರ್ಖಾನೆಯ ಮಂಗಳ ಯೂರಿಯಾ ತರುತ್ತಿತ್ತು. ಆ ಕಾರ್ಖಾನೆ ಶುರುವಾದದ್ದು 1976ರಲ್ಲಿ. ಅಲ್ಲಿಂದ ಮುಂದೆ ಹಾಸನ, ಬೇಲೂರು, ಮೂಡಿಗೆರೆಯ ಗೊಬ್ಬರದ ಅಂಗಡಿಗಳಿಗೆ ಮೇಲಕ್ಕೆ ಬರುವ ಲೋಡು ಖಾಯಂ ಆಯಿತು. ಲೋಡು ಇಳಿಸಿದ ಮೇಲೆ ಖಾಲಿ ಇಳಿಯುವ ಬದಲು ಸಿಕ್ಕ ಬಾಡಿಗೆಗೆ ಕಾಫಿ ಹಾಕಿಕೊಂಡು ಹೋಗುತ್ತಿದ್ದರು. "ಎಷ್ಟಾದ್ರೂ ಕೊಡಿ ಮಾರಾಯ್ರೆ, ಖಾಲಿ ಹೋಗ್ಲಿಕ್ಕೆ ಆಗ್ತದಾ?" ಎನ್ನುವ ಡ್ರೈವರನ ಎದುರು ಹಾಸನದ ಆಫೀಸಿನವರು ಹೇಗೆ ಪೈಪೋಟಿ ಮಾಡಬೇಕು?

ಈ ಇಬ್ಬರನ್ನು ಹೋಲಿಸುವಾಗ ಬಾಡಿಗೆಯ ಚೀಟಿ ಬದಿಗಿಟ್ಟು ಒಂದೇ ಒಂದು ಸಂಗತಿ ನೋಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ: ನಮ್ಮ ಕಾಫಿ ಅವರಿಗೆ ಹೋಗುವ ಲೋಡೋ, ವಾಪಸ್ ಲೋಡೋ? ಹಾಸನದವರಿಗೆ ನಮ್ಮ ಕಾಫಿಯೇ ಅಸಲು ದುಡಿಮೆ. ಪಣಂಬೂರು ಮುಟ್ಟಿದ ಮೇಲೆ ಗೊಬ್ಬರವೋ ಹೆಂಚೋ ಸಿಕ್ಕರೆ ಅದು ಮೇಲುಸಂಪಾದನೆ. ಮಂಗಳೂರಿನವರಿಗೆ ದುಡಿಮೆ ಮೇಲಕ್ಕೆ ಬರುವಾಗಲೇ ಮುಗಿದಿರುತ್ತಿತ್ತು, ನಮ್ಮದು ಡೀಸೆಲ್ ಖರ್ಚಿಗೆ. ಗಾಡಿ ಎಲ್ಲಿ ನಿಲ್ಲುತ್ತದೆ, ಯಾವ ಟಾರ್ಪಾಲು ಮೇಲೆ ಬೀಳುತ್ತದೆ, ಚೀಲ ಹರಿದರೆ ಯಾರು ಹೊಲಿಯುತ್ತಾರೆ ಎಂಬುದೆಲ್ಲ ಇದರ ಮೇಲೆ ನಿಂತಿತ್ತು.

ವಾಸನೆಯ ವಿಷಯ ತೆಗೆದುಕೊಳ್ಳಿ. ಕಾಫಿ ಬೀಜ ಪಕ್ಕದಲ್ಲಿದ್ದದ್ದರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಒಣಮೀನು ಹೇರಿದ್ದ ಲಾರಿಯ ಹಲಗೆಯನ್ನು ಎಷ್ಟು ತೊಳೆದರೂ ಮಧ್ಯಾಹ್ನದ ಬಿಸಿಲು ಬಿದ್ದರೆ ವಾಸನೆ ಮತ್ತೆ ಏಳುತ್ತದೆ. ಯೂರಿಯಾ ಇನ್ನೂ ಕೆಟ್ಟದ್ದು, ಹಲಗೆಯ ಸಂದಿಯಲ್ಲಿ ಹರಳು ಉಳಿದುಬಿಡುತ್ತದೆ. ನಮ್ಮ ಹಮಾಲಿ ಮೇಸ್ತ್ರಿ ಲೋಡು ಮಾಡುವ ಮೊದಲು ಲಾರಿ ಹತ್ತಿ, ಮಂಡಿಯೂರಿ, ನಾಲ್ಕು ಮೂಲೆಯಲ್ಲೂ ಹಲಗೆಗೆ ಮೂಗು ಹಚ್ಚಿ ನೋಡುತ್ತಿದ್ದರು. ಅವರು ಇಳಿದು ತಲೆ ಅಲ್ಲಾಡಿಸಿದರೆ ಗಾಡಿ ವಾಪಸ್, ಮ್ಯಾನೇಜರ್ ಹೇಳಿದರೂ ಕೇಳುತ್ತಿರಲಿಲ್ಲ. ಆ ಮೇಸ್ತ್ರಿಯ ಮೂಗಿನಿಂದ ಉಳಿದ ಕಾಫಿಗೆ ಲೆಕ್ಕ ಇಟ್ಟವರಿಲ್ಲ. ಮಂಗಳೂರಿನ ಲಾರಿಗಳೇ ಹೆಚ್ಚಾಗಿ ವಾಪಸ್ ಹೋಗುತ್ತಿದ್ದವು. ಹಾಸನದ ಮಾಲೀಕರಿಗೆ ಹಿಂದಿನ ಲೋಡು ಏನೆಂದು ಕೇಳಿದರೆ ನೆಟ್ಟಗೆ ಹೇಳುತ್ತಿದ್ದರು. ಸೀಸನ್ನಿನಲ್ಲಿ ಕಾಫಿಗೆಂದೇ ಇಟ್ಟ ಗಾಡಿಗೆ ಮೀನು ಹಾಕಿಸಲು ಒಪ್ಪುತ್ತಿರಲಿಲ್ಲ, ಕೆಳಗಿನಿಂದ ಖಾಲಿ ಬಂದರೂ ಸರಿ.

ಹಾಗೆಂದು ಮಂಗಳೂರಿನವರನ್ನು ತೆಗಳಲಾರೆ. ಈ ದಾರಿಯ ಶಿರಾಡಿ ಘಟ್ಟವನ್ನು ಅವರಷ್ಟು ಚೆನ್ನಾಗಿ ಬಲ್ಲವರನ್ನು ನಾನು ನೋಡಿಲ್ಲ. ದೋಣಿಗಾಲ್ ದಾಟಿ ಮಾರನಹಳ್ಳಿಯಿಂದ ಇಳಿಜಾರು ಶುರುವಾದ ಮೇಲೆ ಕೆಂಪುಹೊಳೆಯ ಪಕ್ಕದ ತಿರುವುಗಳಲ್ಲಿ ಬ್ರೇಕ್ ಕಾಯಿಸದೆ, ಗೇರಿನ ಮೇಲೆಯೇ ಗುಂಡ್ಯದವರೆಗೆ ಇಳಿಸುವುದು ಅವರಿಗೆ ರೂಢಿ. ಬೇಸಗೆಯಲ್ಲಿ, ಹಲಗೆ ಶುಚಿ ಇದ್ದರೆ, ಆತುರವಿಲ್ಲದ ಸರಕಿಗೆ ಅವರ ಲಾರಿಯೇ ಲಾಭ. ಮಳೆಗಾಲದಲ್ಲಿ ಮಾತು ಬೇರೆ. ಹಾಸನದಲ್ಲಿ ತುಂತುರು ಇದ್ದಾಗ ಘಟ್ಟದಲ್ಲಿ ಜಡಿಮಳೆ. ಒಂದು ಟಾರ್ಪಾಲು ಸಾಲದು, ಒಂದರ ಮೇಲೊಂದು ಎರಡು ಬೇಕು, ಹಗ್ಗದ ಗಂಟು ಹಿಂಬದಿಯಲ್ಲಿ ಸಡಿಲವಾಗಬಾರದು. ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿಯನ್ನು) 10 ಶೇಕಡ ತೇವಾಂಶಕ್ಕೆ ಒಣಗಿಸಲು ಬೆಳೆಗಾರ ಕಣದಲ್ಲಿ ಪಟ್ಟ ಪಾಡೆಲ್ಲ ಒಂದು ತೂತಿನಿಂದ ನೀರುಪಾಲಾಗುತ್ತದೆ. ನೆನೆದ ಬೀಜ ಮೊದಲು ಬಿಳಿಚುತ್ತದೆ, ಆಮೇಲೆ ಬೂಷ್ಟು. ಹಾಸನದ ಆಫೀಸಿನವರು ಎರಡನೇ ಟಾರ್ಪಾಲಿಗೆ ಬಾಡಿಗೆ ಕೇಳಿದ್ದೇ ಇಲ್ಲ.

ಪೂಲ್ ಇದ್ದಷ್ಟು ಕಾಲ ಈ ವ್ಯತ್ಯಾಸ ಅಷ್ಟು ಕಾಣುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಗಾರ ತನ್ನ ಬೆಳೆಯನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಹರಾಜು ಮಂಡಳಿಯದು, ಹಣ ಕಂತಿನಲ್ಲಿ. ಲಾರಿ ಒಂದು ದಿನ ತಡವಾದರೆ ವರ್ಕ್ಸ್‌ನಲ್ಲಿ ಯಾರ ನಿದ್ದೆಯೂ ಕೆಡುತ್ತಿರಲಿಲ್ಲ. 1992ರ ನಂತರ ಒಂದೊಂದೇ ಕಟ್ಟು ಸಡಿಲವಾಗಿ 1996ರಲ್ಲಿ ಬೆಳೆಗಾರರೆಲ್ಲರಿಗೂ ಪೂರ್ತಿ ಬಿಡುಗಡೆ ಸಿಕ್ಕಿತು. ಅಲ್ಲಿಂದ ಎಲ್ಲವೂ ರಫ್ತುದಾರನ ಹಡಗಿನ ತಾರೀಖು. ಇಂಥ ದಿನ ಇಷ್ಟು ಗಂಟೆಯೊಳಗೆ ಬಂದರಿನಲ್ಲಿ ಚೀಲ ಇರಬೇಕು, ಇಲ್ಲದಿದ್ದರೆ ಮುಂದಿನ ಹಡಗು. "ಬೆಳಿಗ್ಗೆ ಐದಕ್ಕೆ ನಮ್ ಗಾಡಿ ಗೇಟಲ್ಲಿರುತ್ತೆ ಸಾರ್, ನೀವು ಮಲಗಿ" ಎಂದು ಹೇಳುವ ಮನುಷ್ಯನ ಬೆಲೆ ತಿಳಿದದ್ದು ಆಗ. ಆ ಮಾತು ಹೇಳಿದವರು ನಮ್ಮ ವರ್ಕ್ಸ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಕೂತಿರುತ್ತಿದ್ದರು. ಲಾರಿ ಗುಂಡ್ಯದಲ್ಲಿ ಆಕ್ಸೆಲ್ ಮುರಿದು ನಿಂತರೆ ಇನ್ನೊಂದು ಗಾಡಿ ಕಳಿಸಿ ರಾತ್ರೋರಾತ್ರಿ ಚೀಲ ಬದಲಾಯಿಸುತ್ತಿದ್ದರು. ಮಂಗಳೂರಿನ ಗಾಡಿ ನಿಂತರೆ ಸುದ್ದಿ ತಿಳಿಯಲೇ ಮಾರನೇ ದಿನವಾಗುತ್ತಿತ್ತು.

ಇನ್ನು ದೊಡ್ಡ ಪಾರ್ಸೆಲ್ ಕಂಪನಿಗಳು. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುವಾದ ವಿಜಯಾನಂದ ರೋಡ್‌ಲೈನ್ಸ್ ಮುಂದೆ ಹುಬ್ಬಳ್ಳಿಯಿಂದ ರಾಜ್ಯವಿಡೀ ಹರಡಿತು. ಆ ಮಾದರಿಯ ಬೇರೆ ಕಂಪನಿಗಳೂ ಬಂದವು. ಊರೂರಿಗೆ ಬ್ರಾಂಚು, ಅಚ್ಚಾದ ರಸೀದಿ, ಗೊತ್ತಾದ ದರ. ಬೆಂಗಳೂರಿನಿಂದ ಹಲ್ಲರ್‌ನ ಬ್ಲೇಡು, ಬೆಲ್ಟು, ಗ್ರೇಡರಿನ ಜಾಲರಿ ತರಿಸಲು ಇವರಿಗಿಂತ ಉತ್ತಮರಿಲ್ಲ. ಸೀಸನ್ನಿನ ಮಧ್ಯೆ ಜಾಲರಿ ಹರಿದರೆ ಇಡೀ ವರ್ಕ್ಸ್ ನಿಲ್ಲುತ್ತದೆ, ಗಾರ್ಬ್ಲಿಂಗ್‌ಗೆ (ಕೆಟ್ಟ ಬೀಜ ಆರಿಸಲು) ಬಂದ ಹೆಂಗಸರಿಗೆ ಅಂದಿನ ಕೂಲಿ ಇಲ್ಲ. ಅಂಥ ಹೊತ್ತಿನಲ್ಲಿ ರಾತ್ರಿ ಬುಕ್ ಮಾಡಿದ್ದು ಬೆಳಿಗ್ಗೆ ಕೈಗೆ ಸಿಗುತ್ತಿತ್ತು.

ಕಾಫಿ ಚೀಲಕ್ಕೆ ಮಾತ್ರ ಈ ವ್ಯವಸ್ಥೆ ಒಗ್ಗಲಿಲ್ಲ. ಒಂದು ಸಣ್ಣ ಲಾಟನ್ನು, ಪೂರ್ತಿ ಲಾರಿ ತುಂಬುವಷ್ಟಿರಲಿಲ್ಲವೆಂದು, ಇಂಥ ಒಂದು ಕಂಪನಿಗೆ ಕೊಟ್ಟೆವು (ಹೆಸರು ಬೇಡ, ಈಗ ಆ ಬ್ರಾಂಚೂ ಇಲ್ಲ). ನಡುವಿನ ಗೋಡೌನಿನಲ್ಲಿ ಇಳಿಸಿ, ಬೇರೆ ಗಾಡಿಗೆ ಹತ್ತಿಸಿ, ಒಣಮೆಣಸಿನಕಾಯಿಯ ಪಕ್ಕ ಇಟ್ಟು ಕಳಿಸಿದರು. ಇಳಿಸುವಾಗಲೂ ಹತ್ತಿಸುವಾಗಲೂ ಚೀಲಕ್ಕೆ ಕಬ್ಬಿಣದ ಕೊಕ್ಕೆ. ತಲುಪಿದಾಗ ಚೀಲದಲ್ಲಿ ತೂತು, ತೂಕದಲ್ಲಿ ಕೊರತೆ, ಬೀಜದಲ್ಲಿ ಘಾಟು. ಬ್ರಾಂಚಿನಲ್ಲಿ ಕೇಳಿದರೆ ಹೆಡ್ ಆಫೀಸಿಗೆ ಬರೆಯಿರಿ ಎಂದರು. ಆ ಹುಡುಗನ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿರಲಿಲ್ಲ, ಅವನು ಆ ಚೀಲವನ್ನು ಕಣ್ಣಾರೆ ಕಂಡವನೇ ಅಲ್ಲ. ಮಾಲೀಕನೇ ಎದುರು ಕೂತ ಆಫೀಸಿಗೂ ಇದಕ್ಕೂ ಇರುವ ಅಂತರ ಇಷ್ಟೇ, ಆದರೆ ಅದು ಸಣ್ಣ ಅಂತರವಲ್ಲ.

ಸ್ಯಾಂಪಲ್ ಕಾಫಿಗೆ ಬಸ್ಸೇ ಸಾಕಿತ್ತು. ಕೊಪ್ಪ, ಶೃಂಗೇರಿ ಕಡೆಯ ತೋಟಗಳಿಂದ ಒಂದೆರಡು ಕಿಲೋ ಪೊಟ್ಟಣ ಸಹಕಾರ ಸಾರಿಗೆಯ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಬಂದುಬಿಡುತ್ತಿತ್ತು. ಶಂಕರ್ ಎಂಬ ಖಾಸಗಿ ಬಸ್ ಕಂಪನಿ ನಿಂತಾಗ ಅದರ ನೌಕರರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. 2020ರಲ್ಲಿ ಅದರ ಬಸ್ಸುಗಳು ನಿಂತದ್ದು ಮಲೆನಾಡಿಗೆ ಆದ ನಷ್ಟವೆಂದೇ ನಾನು ತಿಳಿದಿದ್ದೇನೆ.

ರೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸನ–ಮಂಗಳೂರು ಮೀಟರ್ ಗೇಜ್ 1979ರಲ್ಲಿ ಮುಗಿಯಿತು, 1996ರಲ್ಲಿ ಗೇಜ್ ಬದಲಾವಣೆಗೆಂದು ನಿಂತಿತು, ಬ್ರಾಡ್ ಗೇಜಿನಲ್ಲಿ ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ. ಓಡುತ್ತಿದ್ದಾಗಲೂ ವರ್ಕ್ಸ್‌ನಿಂದ ಲಾರಿ, ಲಾರಿಯಿಂದ ವ್ಯಾಗನ್, ವ್ಯಾಗನ್‌ನಿಂದ ಮತ್ತೆ ಲಾರಿ. ಪ್ರತಿ ಸಲವೂ ಹಮಾಲಿ, ಪ್ರತಿ ಸಲವೂ ಕೊಕ್ಕೆಯ ಭಯ. ನಿಂತ ಆ ಹತ್ತು ವರ್ಷದ ಭಾರವೆಲ್ಲ ಶಿರಾಡಿಯ ಮೇಲೆ ಬಿತ್ತು. ಅದರ ಜತೆಗೆ ಬಳ್ಳಾರಿಯ ಅದಿರು. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸುವವರೆಗೆ ಆ ಲಾರಿಗಳು ರಸ್ತೆಯನ್ನು ಹುಡಿಮಾಡಿಬಿಟ್ಟವು. (ಕುದುರೆಮುಖದ ಕಂಪನಿ 2005ರ ಕೊನೆಯವರೆಗೂ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲೇ ಪಣಂಬೂರಿಗೆ ಇಳಿಸುತ್ತಿತ್ತು. ಅಷ್ಟು ಲಾರಿಗಳಾದರೂ ನಮ್ಮ ಘಟ್ಟಗಳಿಗೆ ತಪ್ಪಿದವು.) ಅದಿರಿನ ಬಾಡಿಗೆ ಏರಿದಾಗ ಮಂಗಳೂರಿನ ಗಾಡಿಗಳು ಹಾಸನದ ಕಡೆ ತಿರುಗಿಯೂ ನೋಡಲಿಲ್ಲ. ಹಾಸನದ ಆಫೀಸುಗಳಿಗೂ ಆ ಆಸೆ ಇದ್ದೇ ಇತ್ತು, ಒಂದಿಬ್ಬರು ಹೋದರು. ಹಳಬರು ಮಾತ್ರ ಜನವರಿಯಿಂದ ಮೇವರೆಗೆ ಗಾಡಿ ಇಲ್ಲೇ ಉಳಿಸಿಕೊಂಡರು. ಆ ವರ್ಷಗಳಲ್ಲಿ ನಮ್ಮ ಕಾಫಿ ಹಡಗು ತಪ್ಪದಿದ್ದುದಕ್ಕೆ ಅವರೇ ಕಾರಣ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲವೆಂದು ನನಗೆ ಬೇಸರವಿದೆ.

ಸ್ವಂತ ಲಾರಿ ಘಟ್ಟ ಇಳಿಯುವುದಕ್ಕೆ ಲಾಭವಲ್ಲ, ಮಳೆಗಾಲವಿಡೀ ಡ್ರೈವರನಿಗೆ ಸಂಬಳ ಕೊಟ್ಟು ಷೆಡ್ಡಿನಲ್ಲಿ ನಿಲ್ಲಿಸಬೇಕು. ತೋಟದಿಂದ ವರ್ಕ್ಸ್‌ಗೆ ತರಲು ಮಾತ್ರ ಅದಕ್ಕೆ ಸಮನಾದದ್ದಿಲ್ಲ. ಹಾನುಬಾಳು, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಎಲ್ಲಿ ಮರದ ಕೊಂಬೆ ತಗ್ಗಿದೆ, ಯಾವ ಮೋರಿ ಭಾರ ತಡೆಯದು ಎಂದು ನಮ್ಮ ಡ್ರೈವರಿಗೆ ಗೊತ್ತಿತ್ತು.

ಕಂಟೇನರ್ ಬಂದ ಮೇಲೆ ಲೆಕ್ಕವೇ ಬದಲಾಯಿತು. 20 ಅಡಿಯ ಪೆಟ್ಟಿಗೆಯಲ್ಲಿ 320 ಚೀಲ, 19.2 ಟನ್, ವರ್ಕ್ಸ್‌ನಲ್ಲೇ ತುಂಬಿ ಸೀಲ್ ಹಾಕಿದರೆ ಟಾರ್ಪಾಲಿನ ಚಿಂತೆ ಇಲ್ಲ. ಹಲಗೆಯ ಬದಲು ಪೆಟ್ಟಿಗೆಯೊಳಗೆ ಮೂಗು ಹಚ್ಚಿ ನೋಡಿದರಾಯಿತು. ಟ್ರೈಲರ್ ಕೊಳ್ಳುವಷ್ಟು ಬಂಡವಾಳ ಹಾಸನದ ಸಣ್ಣ ಆಫೀಸುಗಳಿಗೆ ಇರಲಿಲ್ಲ, ಇಲ್ಲಿ ಮಂಗಳೂರು ಮುಂದೆ ಹೋಯಿತು. ಈ ಒಂದು ವಿಷಯದಲ್ಲಿ ಮಂಗಳೂರಿನವರಿಗೇ ನನ್ನ ಮತ. ಬಂದರು, ಖಾಲಿ ಪೆಟ್ಟಿಗೆಯ ಯಾರ್ಡು, ಕಸ್ಟಮ್ಸ್ ಎಲ್ಲ ಅವರ ಅಂಗಳದಲ್ಲೇ ಇವೆ. ಕಾಂಕ್ರೀಟ್ ಹಾಕಲು 2015ರಲ್ಲಿ, ಮತ್ತೆ 2018ರಲ್ಲಿ ಶಿರಾಡಿ ಮುಚ್ಚಿದಾಗ, ಅದೇ ವರ್ಷದ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ ಕಡೆಯ ಸಂಪಾಜೆ ದಾರಿಯೂ ಕಟ್ಟಿದಾಗ, ಯಾರ ಟ್ರೈಲರ್ ಆದರೂ ಒಂದೇ ಆಯಿತು.

ಚಿಕ್ಕಮಗಳೂರಿನವರು ಇನ್ನೊಂದು ಮಾತು ನೆನಪಿಡಬೇಕು. ಮೊದಲು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆ ಮೇಲೆ ಹೋಗುವುದು ಹತ್ತಿರದ ದಾರಿಯಾಗಿತ್ತು. 2019ರ ಕುಸಿತದ ನಂತರ ಅಲ್ಲಿ ಭಾರೀ ವಾಹನಗಳಿಗೆ ತಡೆ ಬಿತ್ತು. ಸಕಲೇಶಪುರ ಸುತ್ತಿ ಹೋಗುವ ಕಿಲೋಮೀಟರನ್ನು ಬಾಡಿಗೆ ಮಾತಾಡುವಾಗಲೇ ಸೇರಿಸಿಕೊಳ್ಳಿ, ಆಮೇಲೆ ಡ್ರೈವರನ ಜತೆ ಜಗಳ ಬೇಡ.

ಆದ್ದರಿಂದ ಕೇಳುವವರಿಗೆ ಹೀಗೆ ಹೇಳುತ್ತೇನೆ. ರಫ್ತಿನ ಪೂರ್ತಿ ಕಂಟೇನರ್ ಆದರೆ ಮಂಗಳೂರಿನ ಟ್ರೈಲರ್. ಯಂತ್ರದ ಬಿಡಿಭಾಗಕ್ಕೆ ಪಾರ್ಸೆಲ್ ಕಂಪನಿ. ಒಂದು ಲಾರಿಯಷ್ಟು ಚೆರ್ರಿ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಇದ್ದು, ಮುಂಗಾರಿನಲ್ಲಿ ಮಾನ್ಸೂನಿಂಗ್ (ತೇವದ ಗಾಳಿಗೆ ಬೀಜ ಹರಡಿ ಹದಗೊಳಿಸುವುದು) ಮಾಡಲು ಮಂಗಳೂರಿಗೆ ಕಳಿಸುವುದಿದ್ದರೆ, ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲೇ ಬಿ.ಎಂ. ರಸ್ತೆಗೆ ಹೋಗಿ ಮಾಲೀಕರ ಎದುರು ಕೂತು ಮಾತಾಡಿ. ಹಿಂದಿನ ಲೋಡು ಏನು ಎಂದು ಕೇಳಿ, ಎರಡನೇ ಟಾರ್ಪಾಲು ಬಿಡಿಸಿ ಬಿಸಿಲಿಗೆ ಹಿಡಿದು ತೂತು ನೋಡಿ, ಕೊಕ್ಕೆ ಹಾಕಬಾರದೆಂದು ಎಲ್‌ಆರ್ ಮೇಲೆಯೇ ಬರೆಸಿ. ಘಟ್ಟದಲ್ಲಿ ನಿಲ್ಲಬೇಕಾಗಬಹುದಾದ ಒಂದು ದಿನವನ್ನೂ ಲೆಕ್ಕ ಹಾಕಿ. ಬಾಡಿಗೆ ಕೊಂಚ ಹೆಚ್ಚು ಕೇಳುತ್ತಾರೆ, ಕೊಡಿ.