ಕಾಳು, ಪೆಲೆಟ್, ನುಗ್ಗೆಸೊಪ್ಪು: ನಮ್ಮ ಕಾಕಟೀಲ್‌ಗಳ ಮೇಲೆ ಮೂರನ್ನೂ ಪ್ರಯೋಗಿಸಿದೆ

ನಮ್ಮ ಮನೆಯಲ್ಲಿರುವುದು ಒಂದು ಜೋಡಿ ಕಾಕಟೀಲ್. ಗಿಳಿಗಳ ಬಳಗದ್ದೇ, ಮೂಲ ಆಸ್ಟ್ರೇಲಿಯಾ. (ನಮ್ಮೂರಿನ ಹಸಿರು ಗಿಣಿಯನ್ನು ಸಾಕಲು ಹೋಗಬೇಡಿ, ಮಾರುವವರು ಏನೇ ಹೇಳಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.)

ಮೊದಲ ವರ್ಷ ಅಂಗಡಿಯವರು ಕೊಟ್ಟ ಕಾಳಿನ ಮಿಕ್ಸ್ ಹಾಕುತ್ತಿದ್ದೆ. ನವಣೆ, ಸಜ್ಜೆ, ಕುಸುಬೆ, ಜೊತೆಗೆ ಧಾರಾಳವಾಗಿ ಸೂರ್ಯಕಾಂತಿ ಬೀಜ. ಅಗ್ಗ, ಕೆಡುವುದಿಲ್ಲ, ಹಕ್ಕಿಗಳಿಗೂ ಪಂಚಪ್ರಾಣ. ತೊಂದರೆ ಅಲ್ಲೇ ಇರುವುದು. ಮಕ್ಕಳು ಚಿತ್ರಾನ್ನದಲ್ಲಿ ಕಡ್ಲೆಬೀಜ ಮಾತ್ರ ಆರಿಸಿ ತಿನ್ನುತ್ತಾರಲ್ಲ, ಹಾಗೆ ಇವು ಸೂರ್ಯಕಾಂತಿ ಆರಿಸಿ ಉಳಿದದ್ದನ್ನು ನೆಲಕ್ಕೆ ಚೆಲ್ಲುತ್ತವೆ. ಆ ಬೀಜದ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧ ಕೊಬ್ಬು. ಬರೀ ಕಾಳಿನಲ್ಲಿ ವಿಟಮಿನ್ ಎ, ಕ್ಯಾಲ್ಸಿಯಂ ಎರಡೂ ಸಾಲದು. ಗಂಡು 92 ಗ್ರಾಂ ಇದ್ದದ್ದು 112ಕ್ಕೆ ಹೋಯಿತು, ನಾಲ್ಕು ಸುತ್ತು ಹಾರಿದರೆ ಏದುಸಿರು. ಇನ್ನೊಂದು ಮಾತು, ಇವು ಸಿಪ್ಪೆ ಸುಲಿದು ಬಟ್ಟಲಿಗೇ ಉದುರಿಸುತ್ತವೆ. ಬಟ್ಟಲು ತುಂಬಿದೆ ಅಂತ ಒಂದು ದಿನ ಹಾಗೇ ಆಫೀಸಿಗೆ ಹೋಗಿದ್ದೆ, ಸಂಜೆ ಬಂದು ಊದಿ ನೋಡಿದರೆ ಪೂರ್ತಿ ಹೊಟ್ಟು!

ಆಮೇಲೆ ಡಾಕ್ಟರ್ ಮಾತು ಕೇಳಿ ಪೆಲೆಟ್ ತಂದೆ. ಕಾಳು, ವಿಟಮಿನ್ ಎಲ್ಲ ಸೇರಿಸಿ ಉಂಡೆ ಕಟ್ಟಿರುವುದರಿಂದ ಆರಿಸಿ ತಿನ್ನುವ ಆಟ ನಡೆಯುವುದಿಲ್ಲ. ಆದರೆ ನಾನೊಂದು ದಡ್ಡ ಕೆಲಸ ಮಾಡಿದೆ, ಕಾಳನ್ನು ಒಂದೇ ದಿನಕ್ಕೆ ನಿಲ್ಲಿಸಿಬಿಟ್ಟೆ. ಎರಡೂ ಪೆಲೆಟ್ ಅನ್ನು ಕಲ್ಲು ಅಂದುಕೊಂಡವೋ ಏನೋ, ಮೂಸಿಯೂ ನೋಡಲಿಲ್ಲ. ಎರಡೇ ದಿನಕ್ಕೆ ಹೆಣ್ಣಿನ ತೂಕ 8 ಗ್ರಾಂ ಇಳಿಯಿತು. 90 ಗ್ರಾಂ ಹಕ್ಕಿಗೆ ಅದು ಸಣ್ಣ ಲೆಕ್ಕವಲ್ಲ, ತೂಕ ಹತ್ತನೇ ಒಂದು ಭಾಗ ಇಳಿದರೆ ಡಾಕ್ಟರ್ ಹತ್ತಿರ ಓಡಬೇಕು. ಹೆದರಿ ಮತ್ತೆ ಕಾಳು ಹಾಕಿದೆ. ಎರಡನೇ ಸಲ ಪೆಲೆಟ್ ಪುಡಿ ಮಾಡಿ, ಸ್ವಲ್ಪ ಒದ್ದೆ ಮಾಡಿದ ನವಣೆಗೆ ಅಂಟಿಸಿ, ವಾರ ವಾರ ಕಾಳು ಕಡಿಮೆ ಮಾಡುತ್ತಾ, ದಿನಾ ಬೆಳಿಗ್ಗೆ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತಾ ಬಂದೆ. ಏಳು ವಾರ ಹಿಡಿಯಿತು. ಕೊನೆಗೆ ಕೆಲಸ ಮಾಡಿದ್ದು ಯಾವುದು ಗೊತ್ತಾ? ನಾನು ತಟ್ಟೆಯಲ್ಲಿ ಪೆಲೆಟ್ ಇಟ್ಟುಕೊಂಡು ತಿನ್ನುವ ಹಾಗೆ ನಟಿಸಿದ್ದು. ಹೆಣ್ಣು ಹೆಗಲಿಂದ ಇಳಿದು ಬಂದು ಕಿತ್ತುಕೊಂಡಿತು. ಬಣ್ಣದ ಪೆಲೆಟ್ ಮಾತ್ರ ಬೇಡ. ಹಿಕ್ಕೆಯೂ ಕೆಂಪಾಗಿ, ರಕ್ತವೇನೋ ಅಂತ ನಾನು ಸುಮ್ನೆ ಗಾಬರಿಯಾದೆ. ಬೆಲೆ ಕಾಳಿಗಿಂತ ತುಂಬಾ ಜಾಸ್ತಿ, ಮಳೆಗಾಲದಲ್ಲಿ ಡಬ್ಬಿ ಸರಿಯಾಗಿ ಮುಚ್ಚದಿದ್ದರೆ ಮೆತ್ತಗಾಗುತ್ತದೆ.

ಮೂರನೆಯದು ಮನೆಯ ಊಟ. ಮೊಳಕೆ ಹೆಸರುಕಾಳು, ನುಗ್ಗೆಸೊಪ್ಪು, ಕ್ಯಾರೆಟ್ ತುರಿ, ಸಿಹಿಕುಂಬಳ. ಹಸಿಮೆಣಸಿನಕಾಯಿ ಕೂಡ, ಹಕ್ಕಿಗಳಿಗೆ ಖಾರ ಗೊತ್ತೇ ಆಗುವುದಿಲ್ಲ, ನೋಡುವ ನಮ್ಮ ಕಣ್ಣಲ್ಲೇ ನೀರು. ಇದನ್ನು ತಿನ್ನುವಾಗಿನ ಸಂಭ್ರಮ ಪೆಲೆಟ್‌ಗೆ ಇಲ್ಲ. ಆದರೆ ಇದೊಂದನ್ನೇ ನಂಬಿದರೆ ಯಾವುದು ಎಷ್ಟು ಹೊಟ್ಟೆಗೆ ಹೋಯಿತು ಅನ್ನುವ ಲೆಕ್ಕ ಸಿಗುವುದಿಲ್ಲ, ಬೇಸಿಗೆಯಲ್ಲಿ ಎರಡು ಗಂಟೆ ಬಿಟ್ಟರೆ ಮೊಳಕೆ ಹುಳಿ ವಾಸನೆ. ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ ಹತ್ತಿರ ಸುಳಿಯಬಾರದು. ಅಡುಗೆಮನೆ ಪಕ್ಕ ಪಂಜರ ಇಟ್ಟಿದ್ದರೆ ನಾನ್‌ಸ್ಟಿಕ್ ಕಾವಲಿಯನ್ನೂ ಎತ್ತಿಡಿ, ಅದು ಅತಿಯಾಗಿ ಕಾದರೆ ಬರುವ ಹೊಗೆಗೇ ಹಕ್ಕಿ ಸಾಯುತ್ತದೆ.

ಒಂದೇ ಆರಿಸು ಅಂದರೆ ನನ್ನ ಓಟು ಪೆಲೆಟ್‌ಗೆ. ಆದರೆ ಒಂದೇ ಯಾಕೆ ಆರಿಸಬೇಕು, ಅಲ್ವಾ? ಈಗ ಬೆಳಿಗ್ಗೆ ಸೊಪ್ಪು ಮೊಳಕೆ, ಹಗಲಿಡೀ ಪೆಲೆಟ್, ಸಂಜೆ ಅರ್ಧ ಚಮಚ ನವಣೆ. ಗಂಡು 95ಕ್ಕೆ ಬಂದಿದೆ. ಸೂರ್ಯಕಾಂತಿ ಬರೀ ಲಂಚಕ್ಕೆ: ರಾತ್ರಿ ಪರದೆ ಸರಳಿನ ಮೇಲೆ ಕೂತು ಕೆಳಗಿಳಿಯದೆ ಹಟ ಮಾಡುವಾಗ ಒಂದು ಬೀಜ ತೋರಿಸಿದರೆ ಸಾಕು, ತಾನಾಗಿ ಪಂಜರದೊಳಗೆ ಹೋಗಿ ಕೂರುತ್ತದೆ.