ಮಕ್ಕಳ ಕಿವಿ ಟೆಸ್ಟ್‌ಗೆ ಅಂತ ಕಿವಿ ಮೆಷಿನ್ (ಶ್ರವಣ ಸಾಧನ) ಮಾರುವ ಅಂಗಡಿಗೆ ಹೋಗಬೇಡಿ. ನಾನು ಹೋಗಿ 48 ಸಾವಿರ ಕಳೆದುಕೊಂಡೆ

ಚಿಕ್ಕ ಮಕ್ಕಳಿರುವವರು ದಯವಿಟ್ಟು ಪೂರ್ತಿ ಓದಿ. ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ. ನಮ್ಮ ಮನೆಯವರು "ಬಿಡು, ಬರೆಯಬೇಡ, ಜನ ಏನಂದುಕೊಳ್ತಾರೆ" ಅಂದರು. ಹೊಟ್ಟೆ ಉರಿಯುತ್ತಿದೆ, ಬರೆಯದೆ ಇರಲು ಆಗುತ್ತಿಲ್ಲ.

ನಾವು ಹಾಸನದವರು. ಮಗಳಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಜುಲೈನಲ್ಲಿ ಅವಳ ಮಿಸ್ ನನ್ನನ್ನು ಕರೆದು, "ಹಿಂದಿನಿಂದ ಕರೆದರೆ ತಿರುಗಿಯೇ ನೋಡಲ್ಲ, ಒಮ್ಮೆ ಕಿವಿ ತೋರಿಸಿ" ಅಂದರು. ಮನೆಯಲ್ಲೂ ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದಳು. ಇನ್ನೊಂದು ವಿಷಯ, ಸಮ ನೆಲದಲ್ಲೇ ಎಡವಿ ಬೀಳುತ್ತಿದ್ದಳು. ಮೆಟ್ಟಿಲು ಇಳಿಯುವಾಗ ನನ್ನ ಚೂಡಿದಾರದ ತುದಿ ಹಿಡಿದೇ ಇಳಿಯುತ್ತಿದ್ದಳು.

ಬಸ್ ಸ್ಟ್ಯಾಂಡ್ ಕಡೆ ಹೋಗುವಾಗ "ಉಚಿತ ಕಿವಿ ತಪಾಸಣೆ" ಅಂತ ಬೋರ್ಡ್ ಕಂಡಿತು. ಒಳಗೆ ಹೋದೆ. ಅದೇ ನಾನು ಮಾಡಿದ ತಪ್ಪು.

ಗಾಜಿನ ಬಾಗಿಲಿನ ರೂಮು. ಹೊರಗೆ ಬಸ್ಸಿನ ಹಾರ್ನ್ ಒಳಗೆ ಚೆನ್ನಾಗಿ ಕೇಳುತ್ತಿತ್ತು. ದೊಡ್ಡವರ ಹೆಡ್‌ಫೋನ್, ಅವಳ ತಲೆಗೆ ನಿಲ್ಲುತ್ತಲೇ ಇರಲಿಲ್ಲ, ನಾನೇ ಕೈಯಲ್ಲಿ ಹಿಡಿದುಕೊಂಡಿದ್ದೆ. "ಸೌಂಡ್ ಕೇಳಿಸಿದ್ರೆ ಕೈ ಎತ್ತು ಪುಟ್ಟಿ" ಅಂದ ಅಂಗಡಿಯವನು. ಅವಳು ಅವನ ಕೈ ನೋಡುತ್ತಿದ್ದಳು. ಅವನು ಬಟನ್ ಒತ್ತಿದರೆ ಎತ್ತುತ್ತಾಳೆ, ಬೇರೆ ಕಡೆ ನೋಡಿದರೆ ಇಲ್ಲ. ಹತ್ತೇ ನಿಮಿಷ. ಕಿವಿಯೊಳಗೆ ಟಾರ್ಚ್ ಹಾಕಿ ಕೂಡ ನೋಡಲಿಲ್ಲ. "ಎರಡೂ ಕಡೆ ನರ ವೀಕ್ ಮೇಡಂ" ಅಂದುಬಿಟ್ಟ.

ಹುಟ್ಟಿದಾಗ ಆಸ್ಪತ್ರೆಯಲ್ಲಿ ಓಎಇ ಟೆಸ್ಟ್ (ಹಸುಗೂಸುಗಳ ಕಿವಿ ತಪಾಸಣೆ) ಪಾಸ್ ಆಗಿತ್ತು, ಆ ಚೀಟಿ ಬ್ಯಾಗಲ್ಲೇ ಇತ್ತು. ಕೊಟ್ಟೆ. ಬಿಡಿಸಿಯೂ ನೋಡಲಿಲ್ಲ. "ಬೀಳ್ತಾಳಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?" ಅಂತ ಕೇಳಿದೆ. "ಕಿವಿಗೂ ಬೀಳೋದಕ್ಕೂ ಏನ್ ಮೇಡಂ ಸಂಬಂಧ, ಅದು ಕ್ಯಾಲ್ಸಿಯಂ" ಅಂದ. ಆಮೇಲೆ, "ಈಗ ಮೆಷಿನ್ ಹಾಕಿಸದಿದ್ದರೆ ಮಾತೇ ಬೆಳೆಯಲ್ಲ, ಆಮೇಲೆ ನಮ್ಮನ್ನು ಕೇಳಬೇಡಿ" ಅಂದ. ಈ ಮಾತಿಗೆ ಯಾವ ತಾಯಿಗೆ ಕೈಕಾಲು ನಡುಗಲ್ಲ ಹೇಳಿ. ಜೋಡಿಗೆ 62 ಸಾವಿರ, ಭಾನುವಾರದೊಳಗೆ ತಗೊಂಡರೆ 48. ಸಂಘದಲ್ಲಿ ಸಾಲ ತೆಗೆದು ಶನಿವಾರವೇ ಕಟ್ಟಿದೆ.

ಮೆಷಿನ್ ಹಾಕಿದರೆ ಕುಯ್ ಅಂತ ಶಬ್ದ. ಮಗು ಕಿತ್ತು ಎಸೆಯುತ್ತಿತ್ತು. ನಾನು ಬೈದು ಹಾಕುತ್ತಿದ್ದೆ. ಎರಡು ತಿಂಗಳು ಬೈದು ಬೈದು ಹಾಕಿದ್ದೇನೆ. ಅದೇ ಈಗ ಹೆಚ್ಚು ಸಂಕಟ ಆಗೋದು.

ದಸರಾ ರಜೆಯಲ್ಲಿ ತವರಿಗೆ ಹೋದಾಗ ನಮ್ಮಣ್ಣ ಬಲವಂತ ಮಾಡಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದ. 60ರ ದಶಕದಿಂದ ಇರುವ ಸಂಸ್ಥೆ, ನಮ್ಮ ರಾಜ್ಯದಲ್ಲೇ ಇದೆ. ಮೊದಲೇ ಹೋಗಲು ನನಗೇನಾಗಿತ್ತು?

ಅಲ್ಲಿ ಬಾಗಿಲು ಹಾಕಿದರೆ ನಮ್ಮ ಉಸಿರೇ ನಮಗೆ ಕೇಳುವಂಥ ರೂಮು. ಮಗಳ ಕೈಗೆ ಬಣ್ಣದ ಬ್ಲಾಕ್ ಕೊಟ್ಟರು. ಶಬ್ದ ಕೇಳಿದಾಗ ಒಂದನ್ನು ಡಬ್ಬಿಗೆ ಹಾಕಬೇಕು, ಆಟದ ಥರ. ಬ್ಲಾಕನ್ನು ಕಿವಿ ಹತ್ತಿರ ಹಿಡಿದು, ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಳು, ಆಮೇಲೆ ಟಕ್ ಅಂತ ಹಾಕುತ್ತಿದ್ದಳು. ಕಿವಿಗೆ ರಬ್ಬರ್ ತುದಿ ಇಟ್ಟು ಗಾಳಿಯ ಒತ್ತಡ ಕೊಟ್ಟು ನೋಡುವ ಟೆಸ್ಟ್ ಕೆಲವೇ ಸೆಕೆಂಡಿನದು, ಟಿಂಪನೋಗ್ರಾಂ. ಕಿವಿ ತಮಟೆ ಸರಿಯಾಗಿ ಅಲ್ಲಾಡಿದರೆ ಗೆರೆ ಗುಡ್ಡದ ಥರ ಬರಬೇಕಂತೆ. ಇವಳದು ಎರಡೂ ಕಡೆ ಚಪ್ಪಟೆ.

ಅಂಗಡಿ ರಿಪೋರ್ಟ್ ನೋಡಿದ ಮೇಡಂ ಕೇಳಿದ್ದು ಒಂದೇ ಮಾತು. "ಬೋನ್ ಟೆಸ್ಟ್ ಎಲ್ಲಿ?" ಕಿವಿ ಹಿಂದಿನ ಮೂಳೆ ಮೇಲೆ ಪುಟ್ಟ ಸಾಧನ ಇಟ್ಟರೆ ಶಬ್ದ ನೇರ ಒಳಕಿವಿಗೆ ಹೋಗುತ್ತೆ. ಅದು ಸರಿ ಇದ್ದು ಹೆಡ್‌ಫೋನಿನಲ್ಲಿ ಮಾತ್ರ ಕಡಿಮೆ ಬಂದರೆ ತೊಂದರೆ ನರದ್ದಲ್ಲ. ಅದನ್ನು ಮಾಡದೆ ನರ ವೀಕ್ ಅಂತ ಹೇಳಲು ಬರುವುದೇ ಇಲ್ಲ. ಅವನು ಮಾಡಿಯೇ ಇರಲಿಲ್ಲ! ಮೈಸೂರಲ್ಲಿ ಮಾಡಿದರು. ಸರಿ ಇತ್ತು. ತಮಟೆ ಹಿಂದೆ ಅಂಟು ನೀರು ತುಂಬಿತ್ತು, ಅಷ್ಟೇ. ನನಗೆ ಆ ಕುರ್ಚಿಯಿಂದ ಏಳಲೇ ಆಗಲಿಲ್ಲ.

ಬೀಳುವುದನ್ನೂ ಕಡೆಗಣಿಸಲಿಲ್ಲ. ಒಂಟಿ ಕಾಲಲ್ಲಿ ನಿಲ್ಲಿಸಿದರು, ಗೆರೆ ಮೇಲೆ ನಡೆಸಿದರು, ಮೆತ್ತನೆಯ ಫೋಮ್ ಮೇಲೆ ಕಣ್ಣು ಮುಚ್ಚಿಸಿ ನಿಲ್ಲಿಸಿದರು. ಕಣ್ಣು ಮುಚ್ಚಿದ ಕೂಡಲೇ ವಾಲಿದಳು. ದೇಹದ ಸಮತೋಲನ ನೋಡಿಕೊಳ್ಳುವುದೂ ಒಳಕಿವಿಯೇ ಅಂತೆ, ಹೀಗೆ ನೀರು ತುಂಬಿದಾಗ ಕೆಲವು ಮಕ್ಕಳು ತೂರಾಡುತ್ತಾರಂತೆ. ಕ್ಯಾಲ್ಸಿಯಂ ಅಂತೆ, ಕ್ಯಾಲ್ಸಿಯಂ!

ವಾಪಸ್ ಬಂದು ಅಂಗಡಿಗೆ ಹೋದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಅವರ ಮೆಷಿನ್ ಬೇರೆ, ನಮ್ಮ ಮೆಷಿನ್ ಬೇರೆ ಮೇಡಂ."

"ನೀರು ತುಂಬಿದ್ರೂ ಕೇಳಲ್ಲ ಅಲ್ವಾ? ಹಾಗಾದ್ರೆ ಮೆಷಿನ್ ಬೇಕಲ್ವಾ?"

"ಒಮ್ಮೆ ಕಿವಿಗೆ ಹಾಕಿದ್ದನ್ನು ವಾಪಸ್ ತಗೊಳ್ಳಲ್ಲ, ಬಿಲ್ ಹಿಂದೆ ಬರೆದಿದೆ, ನೀವೇ ಸಹಿ ಹಾಕಿದ್ದೀರಿ."

ಎರಡನೇ ಮಾತಿಗೆ ನನಗೆ ಅಲ್ಲಿ ಉತ್ತರವೇ ಹೊಳೆಯಲಿಲ್ಲ. ಸುಮ್ನೆ ನಿಂತಿದ್ದೆ. ಮನೆಗೆ ಬಂದು ವಾಟ್ಸಾಪ್‌ನಲ್ಲಿ ಕೇಳಿದೆ, "ನೀವು ಓದಿದ್ದೇನು? ಆರ್‌ಸಿಐ ನೋಂದಣಿ ನಂಬರ್ ಕೊಡಿ." (ಆರ್‌ಸಿಐ ಅಂದರೆ ಕಿವಿ ಟೆಸ್ಟ್ ಮಾಡುವವರ ನೋಂದಣಿ ಮಾಡುವ ಭಾರತೀಯ ಪುನರ್ವಸತಿ ಪರಿಷತ್ತು.) ನೀಲಿ ಟಿಕ್ ಬಿತ್ತು. ಉತ್ತರ ಇಲ್ಲ. ಮಾರನೇ ದಿನ ಬ್ಲಾಕ್. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ನಿಮಗೆ ಹೇಳುವುದಿಷ್ಟೇ. ಮೊದಲು ಇಎನ್‌ಟಿ ಡಾಕ್ಟರ್ ಕಿವಿಯೊಳಗೆ ನೋಡಲಿ. ಟೆಸ್ಟ್ ಮಾಡುವವರ ಆರ್‌ಸಿಐ ನಂಬರ್ ಕೇಳಿ, ನಾಚಿಕೆ ಬೇಡ. ಟಿಂಪನೋಗ್ರಾಂ, ಬೋನ್ ಟೆಸ್ಟ್ ಆಗದೆ ನರ ವೀಕ್ ಅಂದರೆ ಎದ್ದು ಬನ್ನಿ. ಹೇಳಿದಂತೆ ಕೇಳದ ತೀರಾ ಚಿಕ್ಕ ಮಗುವಾದರೆ ನಿದ್ದೆಯಲ್ಲಿ ಮಾಡುವ ಬೇರಾ (BERA) ಎಂಬ ಟೆಸ್ಟ್ ಇದೆ. ಮಗುವಿಗೆ ನಿಜವಾಗಿ ಮೆಷಿನ್ ಬೇಕಿದ್ದರೆ ತಡ ಮಾಡಲೇಬೇಡಿ, ನಾನು ಮೆಷಿನ್‌ಗೆ ವಿರೋಧ ಅಲ್ಲ. ಅದಕ್ಕೂ ಕಿವಿಯ ಅಚ್ಚು ತೆಗೆದು ಮಗುವಿನ ಅಳತೆಗೆ ಮೋಲ್ಡ್ ಮಾಡಬೇಕು. ನಮಗೆ ಅಂಗಡಿಯವನು ದೊಡ್ಡವರ ರಬ್ಬರ್ ಸಿಕ್ಕಿಸಿ ಕಳಿಸಿದ್ದ.

ಡಾಕ್ಟರ್ ಮೂರು ತಿಂಗಳು ಕಾದು ಮತ್ತೆ ನೋಡೋಣ ಅಂದಿದ್ದರು. ನೀರು ಇಳಿದಿಲ್ಲ. ಬರುವ ಗುರುವಾರ ಕಿವಿಗೆ ಗ್ರೋಮೆಟ್ (ತಮಟೆಯಲ್ಲಿ ಇಡುವ ಪುಟ್ಟ ಕೊಳವೆ) ಹಾಕುತ್ತಾರೆ, ಚಿಕ್ಕ ಆಪರೇಷನ್. ಅದಕ್ಕೆ ದುಡ್ಡು ಹೊಂದಿಸಲು ಮತ್ತೆ ಸಂಘಕ್ಕೆ ಹೋಗಿದ್ದೆ. ಹಳೆಯ ಸಾಲ ಇದೆಯಲ್ಲಮ್ಮ ಅಂದರು.